ಕೋಲು ಬಿದ್ದರೆ ಇನ್ನು ಮನೆಯವರಿಗೆ ಫೋನ್ ಹೋಗುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ನಮ್ಮ ಸ್ಮಾರ್ಟ್ ವಾಕಿಂಗ್ ಸ್ಟಿಕ್ ನೆಲಕ್ಕೆ ಬಿದ್ದ ಕೂಡಲೇ ಮನೆಯವರ ಮೊಬೈಲಿಗೆ ತಾನಾಗಿಯೇ ಫೋನ್ ಹೋಗುತ್ತಿತ್ತಲ್ಲ, ಮುಂದಿನ ತಿಂಗಳಿಂದ ಆ ಸೌಲಭ್ಯ ಇರುವುದಿಲ್ಲ. ಬದಲಿಗೆ ಕೊರಳಿಗೆ ಹಾಕಿಕೊಳ್ಳುವ ಬಟನ್ ಕೊಡುತ್ತೇವೆ. ಕೋಲಿನ ಬೆಲೆ ಅದೇ.

ಯಾಕೆ ಅಂದರೆ, ಹಿಡಿಯೊಳಗಿನ ಸೆನ್ಸರಿಗೆ ಗೊತ್ತಾಗುವುದು ಕೋಲು ವಾಲಿತು, ನೆಲಕ್ಕೆ ಬಡಿಯಿತು ಅಂತ ಮಾತ್ರ. ಹಿಡಿದವರು ಬಿದ್ದರೋ, ಕಾಫಿ ಕುಡಿಯಲು ಗೋಡೆಗೆ ಒರಗಿಸಿಟ್ಟ ಕೋಲು ಜಾರಿತೋ, ಅದಕ್ಕೆ ತಿಳಿಯದು. ಈಗ ಎಲ್ಲರ ಮನೆಯಲ್ಲೂ ನುಣ್ಣನೆಯ ಟೈಲ್ಸ್ ಬೇರೆ. ಅಮ್ಮ ಇಲ್ಲಿ ಮೈಸೂರಿನ ಸರಸ್ವತಿಪುರಂನಲ್ಲಿ ಹಾಯಾಗಿ ಧಾರಾವಾಹಿ ನೋಡುತ್ತಿರುತ್ತಾರೆ, ಅಲ್ಲಿ ಬೆಂಗಳೂರಿನಲ್ಲಿ ಮಗ ಮೀಟಿಂಗ್ ಬಿಟ್ಟು ಎದ್ದು ಓಡುತ್ತಾನೆ. ನಾಲ್ಕು ಸಲ ಹೀಗಾದರೆ ಐದನೇ ಸಲ "ಕೋಲು ಬಿದ್ದಿರಬೇಕು ಬಿಡು" ಅಂತ ಸುಮ್ನಾಗುತ್ತಾರೆ. ನಮಗೆ ಭಯ ಆ ಐದನೇ ಸಲದ್ದೇ.

ಬಚ್ಚಲುಮನೆಯ ವಿಷಯವೂ ಇದೆ. ವಯಸ್ಸಾದವರು ಜಾರಿ ಬೀಳುವ ಜಾಗ ಅದು. ಆದರೆ ಒಳಗೆ ಕೋಲು ಒಯ್ಯುವವರು ಕಡಿಮೆ ಅಲ್ವಾ? ಕೋಲು ಬಾಗಿಲ ಹೊರಗೆ ನೆಟ್ಟಗೆ ನಿಂತಿರುತ್ತದೆ, ಮನುಷ್ಯರು ಒಳಗೆ ಬಿದ್ದಿರುತ್ತಾರೆ. ಫೋನ್ ಹೋಗುವುದೇ ಇಲ್ಲ.

ಹೊಸ ಬಟನ್ ನೀರು ಬಿದ್ದರೆ ಕೆಡುವುದಿಲ್ಲ. ಸ್ನಾನಕ್ಕೆ ಹೋಗುವಾಗಲೂ ಕೊರಳಲ್ಲೇ ಇರಲಿ. 3 ಸೆಕೆಂಡ್ ಒತ್ತಿ ಹಿಡಿದರೆ ಹಾಲ್‌ನ ಪ್ಲಗ್ಗಿಗೆ ಸಿಕ್ಕಿಸಿದ ಚಿಕ್ಕ ಡಬ್ಬಿಗೆ ಸುದ್ದಿ ಮುಟ್ಟುತ್ತದೆ. ಅದರೊಳಗೆ ಸಿಮ್ ಇರುತ್ತದೆ. ನೀವು ಕೊಟ್ಟ ಮೂರು ನಂಬರಿಗೆ, ಯಾರಾದರೂ ಎತ್ತುವ ತನಕ, ಒಂದಾದ ಮೇಲೊಂದು ಫೋನ್ ಮಾಡುತ್ತದೆ. ಆ್ಯಪ್ ಬೇಡ. ಕೀಪ್ಯಾಡ್ ಫೋನ್ ಇದ್ದವರಿಗೂ ನಡೆಯುತ್ತದೆ. ಕರೆಂಟ್ ಹೋದರೆ ಒಳಗೆ ಬ್ಯಾಟರಿ ಇದೆ. ನಮ್ಮದೊಂದು ಸಲಹೆ: ಮೊದಲ ನಂಬರು ದೂರದ ಊರಿನ ಮಕ್ಕಳದ್ದು ಬೇಡ, ಪಕ್ಕದ ಮನೆಯವರದ್ದು ಕೊಡಿ. ಬಾಗಿಲು ತೆಗೆಯುವವರು ಅವರೇ. ಬಟನ್ ಆಂಬುಲೆನ್ಸ್ ಕರೆಯುವುದಿಲ್ಲ, 108ಕ್ಕೆ ನೀವೇ ಮಾಡಬೇಕು.

ಪ್ರಜ್ಞೆ ತಪ್ಪಿದವರು ಬಟನ್ ಒತ್ತಲಾರರು. ಮರೆವು ಜಾಸ್ತಿ ಇರುವವರಿಗೂ ಇದು ಹೊಂದುವುದಿಲ್ಲ. ಅಂಥವರಿಗೆ ಬಿದ್ದದ್ದನ್ನು ಗುರುತಿಸುವ ಕೈಗಡಿಯಾರಗಳು ಮಾರುಕಟ್ಟೆಯಲ್ಲಿವೆ. ನಾವು ಮಾರುವುದಿಲ್ಲ, ಯಾವುದು ನೋಡಬಹುದು ಎಂದು ಬೇಕಾದರೆ ಹೇಳುತ್ತೇವೆ.

ಕೋಲಿನ ಟಾರ್ಚ್, ಬಿದ್ದಾಗ ಕೂಗುವ ಬೀಪ್ ಹಾಗೇ ಇರುತ್ತವೆ. ಪಾರ್ಕಿನ್ಸನ್ ಕಾಯಿಲೆ ಇರುವವರು ಒಯ್ಯುವ, ನೆಲದ ಮೇಲೆ ಕೆಂಪು ಗೆರೆ ಬೀಳಿಸುವ ಕೋಲಿನಲ್ಲೂ ಬದಲಾವಣೆ ಇಲ್ಲ. ನಡೆಯುತ್ತಾ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟಾಗ ಕೆಲವರಿಗೆ ಆ ಗೆರೆ ದಾಟಲು ಹೋದರೆ ಹೆಜ್ಜೆ ಬರುತ್ತದೆ. ಎಲ್ಲರಿಗೂ ಬರುವುದಿಲ್ಲ, ಹಾಗಾಗಿ ನಡೆದು ನೋಡಿಯೇ ತೆಗೆದುಕೊಳ್ಳಿ.

ಈಗಾಗಲೇ ಕೋಲು ಕೊಂಡವರಿಗೆ ಡಬ್ಬಿ, ಬಟನ್ ಎರಡಕ್ಕೂ ದುಡ್ಡಿಲ್ಲ. ಸಿಮ್ ಮಾತ್ರ ನಿಮ್ಮದು. ಬಟನ್ ಬೇಡ, ಬರೀ ಕೋಲು ಸಾಕು ಎನ್ನುವವರಿಗೆ ಬಲವಂತವಿಲ್ಲ. ಮಂಡ್ಯದ ಗ್ರಾಹಕರು ಇದಕ್ಕಾಗಿ ಮೈಸೂರಿಗೆ ಬರಬೇಕಿಲ್ಲ, ಫೋನ್ ಮಾಡಿದರೆ ನಮ್ಮ ಹುಡುಗರು ಮನೆಗೇ ಬಂದು ಜೋಡಿಸುತ್ತಾರೆ.

ಅಂಗಡಿಗೆ ಬರುವುದಾದರೆ ಕೋಲು ಹಿಡಿಯುವವರನ್ನೇ ಕರೆತನ್ನಿ, ದಿನಾ ಹಾಕುವ ಚಪ್ಪಲಿಯಲ್ಲೇ ಬರಲಿ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆ ಇರುವಷ್ಟು ಎತ್ತರಕ್ಕೆ ಹಿಡಿ ಬರಬೇಕು. ಅದಕ್ಕಿಂತ ಎತ್ತರವಾದರೆ ಭುಜ ನೋಯುತ್ತದೆ, ಕುಳ್ಳಾದರೆ ಬೆನ್ನು ಬಾಗುತ್ತದೆ. ಎಡಮಂಡಿ ನೋವಿದ್ದರೆ ಕೋಲು ಬಲಗೈಯಲ್ಲಿರಬೇಕು. ನೋವಿರುವ ಕಡೆಯೇ ಹಿಡಿಯುವವರು ಬಹಳ. ತಳದ ರಬ್ಬರ್ ಬುಷ್ ತಿರುಗಿಸಿ ನೋಡಿ, ಗೆರೆ ಸವೆದು ನುಣ್ಣಗಾಗಿದ್ದರೆ ಅವತ್ತೇ ಬದಲಿಸಿ. ಬುಷ್ ಸವೆದ ಕೋಲಿಗೆ ಎಷ್ಟು ಸೆನ್ಸರ್ ಹಾಕಿ ಏನು ಪ್ರಯೋಜನ?

ಅಂದ ಹಾಗೆ, ಬಿಪಿಎಲ್ ಕಾರ್ಡ್ ಇರುವ 60 ದಾಟಿದವರು ನಮಗೆ ದುಡ್ಡು ಕೊಡುವ ಮುಂಚೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ ವಿಚಾರಿಸಿ. 2017ರಿಂದ ಇದೆ. ಶಿಬಿರಗಳಲ್ಲಿ ಪರೀಕ್ಷೆ ಮಾಡಿ ಕೋಲು, ವಾಕರ್ ಪುಕ್ಕಟೆ ಕೊಡುತ್ತಾರೆ. ಬರೀ ಕೋಲು ಸಾಕಾದವರಿಗೆ ಅದೇ ಒಳ್ಳೆಯದು.

ಡಬ್ಬಿಯ ಸಿಮ್ಮಿಗೆ ರೀಚಾರ್ಜ್ ಮರೆಯಬೇಡಿ. ತಿಂಗಳಿಗೊಮ್ಮೆ ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಬಟನ್ ಒತ್ತಿ ನೋಡಿ.

ಇತಿ,
ನಿಮ್ಮ ಊರುಗೋಲು ಅಂಗಡಿಯವರು
ಮೈಸೂರು