ಆಡಿದ ಮೇಲೆ ಸಂಬಳ ಕೊಡಿ

ಮಾನ್ಯ ಸಂಪಾದಕರೇ,

ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಫುಟ್‌ಬಾಲ್ ಕ್ಲಬ್ ಸೇರಿದರೆ ಮನೆಮಂದಿಗೆಲ್ಲ ಖುಷಿ. ಸಂಬಳ ನಿಂತರೆ ಯಾರನ್ನು ಕೇಳಬೇಕು ಅನ್ನೋದು ಮಾತ್ರ ಜಾಸ್ತಿ ಜನಕ್ಕೆ ಗೊತ್ತಿಲ್ಲ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದ ಪ್ರಕಾರ ಎರಡು ತಿಂಗಳ ಸಂಬಳ ಬಾಕಿ ಉಳಿದರೆ ಆಟಗಾರ ಲಿಖಿತ ನೋಟಿಸ್ ಕೊಟ್ಟು, ಕ್ಲಬ್‌ಗೆ ಕನಿಷ್ಠ 15 ದಿನ ಟೈಮ್ ಕೊಟ್ಟು, ಆಮೇಲೂ ದುಡ್ಡು ಬರದಿದ್ದರೆ ಕರಾರು ಮುರಿಯಬಹುದು. ವಿದೇಶಿ ಆಟಗಾರರು ನೇರವಾಗಿ ಫಿಫಾಗೆ ದೂರು ಕೊಡಬಹುದು, ಮೇಲ್ಮನವಿಗೆ ಸ್ವಿಟ್ಜರ್‌ಲೆಂಡಿನ ಲೌಸಾನ್‌ನಲ್ಲಿ ಕ್ರೀಡಾ ನ್ಯಾಯಮಂಡಳಿ ಇದೆ. ನಮ್ಮ ಹುಡುಗರ ದೂರು ಹೋಗೋದು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ (ಎಐಎಫ್‌ಎಫ್) ಸಮಿತಿಗೆ. ಕ್ಲಬ್‌ಗೆ ವಕೀಲರಿರುತ್ತಾರೆ, ಹುಡುಗನ ಕೈಯಲ್ಲಿ ಕರಾರಿನ ಪ್ರತಿಯಾದರೂ ಇರಬೇಕಲ್ವಾ? ರಾಜ್ಯ ಫುಟ್‌ಬಾಲ್ ಸಂಸ್ಥೆ ನೋಂದಣಿ ದಿನವೇ ಆ ಪ್ರತಿ ಕೊಡಿಸಲಿ, ಜೊತೆಗೆ ದೂರು ಕೊಡುವ ಕ್ರಮವನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಲಿ.

– ಒಬ್ಬ ಫುಟ್‌ಬಾಲ್ ಅಭಿಮಾನಿ, ಬೆಂಗಳೂರು