ಕೆರೆ ಕೆಡಿಸಿದವರ ಲೆಕ್ಕ ನಾವು ಕಟ್ಟುತ್ತಿದ್ದೇವೆ: ಆರನೇ ಮನವಿ

ಇವರಿಗೆ,
ಪರಿಸರ ಅಧಿಕಾರಿಗಳು
ಪ್ರತಿ: ಪೌರಾಯುಕ್ತರು, ನಗರಸಭೆ

ವಿಷಯ: ರಾತ್ರಿ ಹೊತ್ತು ಕೆರೆ ಸೇರುವ ರಾಜಕಾಲುವೆಗೆ ಬಣ್ಣದ ನೀರು ಬಿಡುವ ಜೀನ್ಸ್ ವಾಷಿಂಗ್ ಘಟಕಗಳಿಂದ ಪರಿಸರ ಪರಿಹಾರ ವಸೂಲಿ ಮಾಡುವ ಬಗ್ಗೆ.

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿ. ಜಾಗ ಎಲ್ಲಿ ಅಂತ ಮತ್ತೆ ಬರೆಯುವುದಿಲ್ಲ. ನಕ್ಷೆ, ಫೋಟೊ ಹಿಂದಿನ ಐದು ಅರ್ಜಿಗಳಲ್ಲಿವೆ. ಕಡತ ಕಳೆದಿಲ್ಲ ಎಂದು ನಂಬಿದ್ದೇವೆ.

ಮೊದಲ ಅರ್ಜಿ ಕೊಟ್ಟಿದ್ದು ಎರಡು ವರ್ಷದ ಹಿಂದೆ, ಯುಗಾದಿ ಮುಗಿದ ವಾರ. ಸ್ವೀಕೃತಿ ಸಿಕ್ಕಿತು, ಅಷ್ಟೇ. ಎರಡನೆಯದಕ್ಕೆ ‘ಇದು ನಗರಸಭೆಗೆ ಸಂಬಂಧಿಸಿದ್ದು’ ಎಂಬ ಹಿಂಬರಹ ಬಂತು. ನಗರಸಭೆಗೆ ಹೋದರೆ ‘ಕಾರ್ಖಾನೆ ನಮಗೆ ಬರಲ್ಲ’ ಎಂದರು. ಮೂರನೆಯದಕ್ಕೆ ಸಿಬ್ಬಂದಿ ಬಂದರು, ಅರ್ಜಿ ಕೊಟ್ಟ ಹನ್ನೊಂದನೇ ದಿನ, ಹಗಲಲ್ಲಿ. ನೀರು ಬಿಡುವುದು ರಾತ್ರಿ ಎರಡು ಗಂಟೆಗೆ ಎಂದು ಅರ್ಜಿಯಲ್ಲೇ ಬರೆದಿದ್ದೆವು! ಹಿಂದಿನ ದಿನ ಸುರಿದ ಮಳೆ ನೀರನ್ನು ಬಾಟಲಿಗೆ ತುಂಬಿಕೊಂಡು ಹೋದರು. ವರದಿ: ‘ಮಿತಿಯೊಳಗಿದೆ’. ನಾಲ್ಕನೆಯದು ಆನ್‌ಲೈನ್. ‘ದೂರು ಪರಿಹರಿಸಲಾಗಿದೆ’ ಎಂಬ ಮೆಸೇಜ್ ಬಂದ ರಾತ್ರಿಯೇ ಕಾಲುವೆ ನೀಲಿಯಾಗಿ ಹರಿಯಿತು. ಐದನೆಯದು ಎಲ್ಲಿದೆಯೋ ಟಪಾಲು ವಿಭಾಗಕ್ಕೂ ಗೊತ್ತಿಲ್ಲ. ಅದನ್ನು ಹುಡುಕಲು ಎಪ್ಪತ್ತು ದಾಟಿದ ಮೇಷ್ಟ್ರೊಬ್ಬರನ್ನು ಮೂರನೇ ಮಹಡಿ ಹತ್ತಿಸಿದಿರಿ. ಲಿಫ್ಟ್ ಕೆಟ್ಟಿತ್ತು.

ಘಟಕದವರಿಗೆ ನಮ್ಮ ಮೇಲೆ ಹಗೆಯಿಲ್ಲ. ಅವರದು ಬರೀ ಲೆಕ್ಕಾಚಾರ. ಇಟಿಪಿ (ಕೊಳೆ ನೀರು ಶುದ್ಧ ಮಾಡುವ ವ್ಯವಸ್ಥೆ) ಓಡಿಸಿದರೆ ಕರೆಂಟು, ಕೆಮಿಕಲ್, ಕೆಸರು ಸಾಗಿಸುವುದು ಅಂತ ದಿನಾ ಖರ್ಚು. ಕಾಲುವೆಗೆ ಬಿಟ್ಟರೆ ಪುಕ್ಕಟೆ. ಆದರೆ ಆ ಖರ್ಚು ಮಾಯವಾಗಿಲ್ಲ, ನಮ್ಮ ಮನೆಗೆ ಬಂದಿದೆ. ಬೋರ್‌ವೆಲ್ ನೀರು ಪಾತ್ರೆ ತೊಳೆಯಲೂ ಆಗದು. ಬಳಸಲು ಟ್ಯಾಂಕರ್, ಕುಡಿಯಲು ಕ್ಯಾನ್. ಕೆರೆಯಲ್ಲಿ ಮೀನು ಹಿಡಿಯುತ್ತಿದ್ದವರು ಗಾರೆ ಕೆಲಸಕ್ಕೆ ಹೋಗುತ್ತಿದ್ದಾರೆ. ಕೋಡಿ ಕೆಳಗಿನ ತೋಟದ ಸೊಪ್ಪು ನಿಮ್ಮ ಕಚೇರಿ ಪಕ್ಕದ ಸಂತೆಗೂ ಬರುತ್ತದೆ, ಗಮನಿಸಿ.

ಕೆಡಿಸಿದವರೇ ಹಣ ಕೊಡಬೇಕು ಎಂಬುದು ನಾವು ಹುಟ್ಟಿಸಿದ ಮಾತಲ್ಲ. ತಮಿಳುನಾಡಿನ ಚರ್ಮ ಹದ ಮಾಡುವ ಘಟಕಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಇದು ಈ ದೇಶದ ಕಾನೂನು ಎಂದಿದೆ. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೇ ಸೆಕ್ಷನ್‌ನಲ್ಲೂ ಇದೆ. ಪರಿಹಾರ ಎಷ್ಟೆಂದು ಲೆಕ್ಕ ಹಾಕಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರವೂ ಇದೆ: ಕಾರ್ಖಾನೆ ಎಂಥದ್ದು, ಎಷ್ಟು ದೊಡ್ಡದು, ಎಲ್ಲಿದೆ, ಎಷ್ಟು ದಿನ ತಪ್ಪು ಮಾಡಿತು, ಎಲ್ಲ ಗುಣಿಸಬೇಕು. ದಿನಕ್ಕೆ 5,000 ರೂಪಾಯಿಗಿಂತ ಕಡಿಮೆ ಹಾಕುವಂತಿಲ್ಲ. ಎರಡು ವರ್ಷಕ್ಕೆ ಒಂದೊಂದು ಘಟಕದಿಂದ ಕನಿಷ್ಠವೆಂದರೂ 36,50,000 ರೂಪಾಯಿ. ಆದರೆ ತಪ್ಪು ನಿಮ್ಮ ಕಣ್ಣಿಗೆ ಬಿದ್ದಾಗಿನಿಂದ ಮಾತ್ರ ದಿನ ಎಣಿಸುವುದು. ನೀವು ನೋಡಲೇ ಇಲ್ಲ. ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ ಅಲ್ವಾ?

ಬೆಳ್ಳಂದೂರು ಕೆರೆಗಾಗಿ 2018ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೇ 50 ಕೋಟಿ ದಂಡ ಹಾಕಿತು. ಸರ್ಕಾರದ ದುಡ್ಡು ಎಂದರೆ ನಮ್ಮ ತೆರಿಗೆ. ಇಲ್ಲೂ ಹಾಗೇ ಆಗುವ ತನಕ ಕಾಯುತ್ತಿದ್ದೀರಾ?

ಪೌರಾಯುಕ್ತರ ಗಮನಕ್ಕೆ: ಕೆರೆ ಏರಿಯ ಬೀದಿದೀಪ ಉರಿಯದೆ ನಾಲ್ಕು ತಿಂಗಳಾಯಿತು. ಪೈಪ್ ಇಳಿಸುವವರಿಗೆ ಆ ಕತ್ತಲು ಬಹಳ ಅನುಕೂಲ. ಒಳಚರಂಡಿಗೆಂದು ಅಗೆದ ರಸ್ತೆ ಹಾಗೇ ಬಿದ್ದಿದೆ. ಕಸದ ಗಾಡಿ ಬಂದರೆ ಬಂತು, ಕಸದ ಶುಲ್ಕ ಮಾತ್ರ ತಪ್ಪದೆ ಬರುತ್ತದೆ. ಸೊಳ್ಳೆ ವಿಷಯ ಬರೆಯಹೊರಟರೆ ಇನ್ನೊಂದು ಅರ್ಜಿಯಾಗುತ್ತದೆ.

ನಮ್ಮ ಮೊದಲ ಅರ್ಜಿಯ ದಿನದಿಂದ ಲೆಕ್ಕ ಹಾಕಿ ಪರಿಹಾರ ವಸೂಲಿ ಮಾಡಿ. ಆ ಹಣ ಈ ಕೆರೆಗೇ ಖರ್ಚಾಗಲಿ. ಆಗದಿದ್ದರೆ ಯಾಕೆ ಆಗದು ಎಂದು ಸಹಿ ಹಾಕಿ ಬರೆದುಕೊಡಿ. ಪರಿಶೀಲನೆಗೆ ಈ ಸಲ ರಾತ್ರಿ ಎರಡಕ್ಕೇ ಬನ್ನಿ. ಟಾರ್ಚ್ ನಾವು ತರುತ್ತೇವೆ.

ಇಂತಿ,
ಕೆರೆ ಏರಿ ಹಿಂಭಾಗದ ಬಡಾವಣೆ ನಿವಾಸಿಗಳು
ಲಗತ್ತು: ಹಿಂದಿನ ಐದೂ ಅರ್ಜಿಗಳ ಜೆರಾಕ್ಸ್ (ಮತ್ತೊಮ್ಮೆ)