ಮಗಳಿಗೊಂದು ಪತ್ರ: ‘ಹೋದಲಿಲ್ಲ’ ಎಂದು ಯಾರೂ ಹೇಳುವುದಿಲ್ಲ

ಪ್ರೀತಿಯ ಪುಟ್ಟಿಗೆ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕುಗ್ಗಿತ್ತು. ತರಗತಿಯಲ್ಲಿ ಎದ್ದು ನಿಂತು ‘ಹಿ ಡಿಡ್ ನಾಟ್ ವೆಂಟ್’ ಎಂದೆಯಂತೆ, ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರಂತೆ. ‘ಗ್ರಾಮರ್ ನನ್ನ ತಲೆಗೆ ಹತ್ತುವುದೇ ಇಲ್ಲ ಅಮ್ಮಾ’ ಎಂದು ಫೋನ್ ಇಟ್ಟುಬಿಟ್ಟೆ. ನನಗೆ ಹೇಳಬೇಕೆನಿಸಿದ್ದು ಫೋನಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಕಾಗದ ಹಿಡಿದು ಕುಳಿತಿದ್ದೇನೆ.

ಮೊದಲು ಒಂದು ಪ್ರಶ್ನೆ. ಮಾತು ಕಲಿತಾಗಿನಿಂದ ಒಮ್ಮೆಯಾದರೂ ನೀನು ‘ಅವನು ಹೋದಲಿಲ್ಲ’ ಎಂದಿದ್ದೀಯಾ? ‘ಹೋದ’ ಎಂಬುದು ಭೂತಕಾಲ, ಸರಿ. ಆದರೆ ‘ಇಲ್ಲ’ ಬಂದು ಸೇರಿಕೊಂಡ ಕೂಡಲೇ ನಿನ್ನ ನಾಲಿಗೆ ಆ ‘ಹೋದ’ವನ್ನು ಕೈಬಿಟ್ಟು ‘ಹೋಗಲಿಲ್ಲ’ ಎನ್ನುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ಇಂಗ್ಲಿಷ್ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಭೂತಕಾಲದ ಹೊರೆಯನ್ನು ‘ಡಿಡ್’ ಹೊತ್ತ ಮೇಲೆ ಇನ್ನೊಂದು ಪದ ಹೆಗಲು ಕೊಡಬೇಕಾಗಿಲ್ಲ. ‘ವೆಂಟ್’ ಮರಳಿ ‘ಗೋ’ ಆಗುತ್ತದೆ. ‘ಹಿ ಡಿಡ್ ನಾಟ್ ಗೋ.’ ನಾನು, ನೀನು, ಅವಳು, ಅವರು, ಯಾರೇ ಆಗಲಿ, ಕನ್ನಡದಲ್ಲಿ ‘ಹೋಗಲಿಲ್ಲ’ ಬದಲಾಗುವುದಿಲ್ಲ; ಅಲ್ಲಿ ‘ಡಿಡ್ ನಾಟ್ ಗೋ’ ಬದಲಾಗುವುದಿಲ್ಲ. ಪ್ರಶ್ನೆ ಕೇಳುವಾಗಲೂ ಅಷ್ಟೇ: ‘ಡಿಡ್ ಹಿ ಗೋ?’ ಇನ್ನು ‘ಹಿ ಗೋಸ್’ ಎಂಬುದನ್ನು ಇಲ್ಲವಾಗಿಸಿದರೆ ‘ಹಿ ಡಸ್ ನಾಟ್ ಗೋ’. ‘ಗೋಸ್’ನ ಬಾಲದಲ್ಲಿದ್ದ ಎಸ್ ಎಲ್ಲಿಗೆ ಹೋಯಿತು ಎಂದು ಹುಡುಕು. ‘ಡಸ್’ನ ಬಾಲದಲ್ಲಿ ಸಿಗುತ್ತದೆ.

‘ಗೋ’ ಎಂಬುದಕ್ಕೂ ‘ವೆಂಟ್’ ಎಂಬುದಕ್ಕೂ ಒಂದಕ್ಷರದ ನಂಟೂ ಇಲ್ಲವಲ್ಲ ಎಂದು ನಿನಗೆ ಸಿಟ್ಟು ಬಂದಿದ್ದರೆ ಅದು ನ್ಯಾಯವಾದ ಸಿಟ್ಟು. ‘ವೆಂಟ್’ ಮೂಲದಲ್ಲಿ ‘ವೆಂಡ್’ ಎಂಬ ಬೇರೊಂದು ಕ್ರಿಯಾಪದದ ಭೂತಕಾಲ. ‘ಗೋ’ ಅದನ್ನು ಎರವಲು ತಂದು ಮರಳಿ ಕೊಡಲೇ ಇಲ್ಲ. ಆದರೆ ನಮ್ಮ ಮನೆಯೂ ಅಷ್ಟೇನೂ ಅಚ್ಚುಕಟ್ಟಲ್ಲ. ‘ಮಾಡು, ಮಾಡಿದ’ ಎಂಬ ಲೆಕ್ಕದಲ್ಲಿ ‘ಬರು, ಬರಿದ’ ಆಗಬೇಕಿತ್ತು, ‘ಬಂದ’ ಆಯಿತು. ಬೀಳು, ಬಿದ್ದ; ಸಾಯು, ಸತ್ತ; ಕೊಡು, ಕೊಟ್ಟ. ದಿನಬಳಕೆಯ ಪದಗಳೇ ಬಹಳಷ್ಟು ಭಾಷೆಗಳಲ್ಲಿ ಹೆಚ್ಚು ಹಟಮಾರಿಗಳು. ಪಟ್ಟಿ ಮಾಡಿ ಉರು ಹೊಡೆಯಬೇಡ, ವಾಕ್ಯದಲ್ಲಿ ಕೇಳಿಸಿಕೊ.

ಈಗ ಇಂಗ್ಲಿಷಿನ ಒಂದು ಹಳೆಯ ಕಥೆ. ಸುಮಾರು 1000 ವರ್ಷಗಳ ಹಿಂದಿನ ಇಂಗ್ಲಿಷಿಗೆ ನಮ್ಮ ಹಾಗೆಯೇ ವಿಭಕ್ತಿ ಪ್ರತ್ಯಯಗಳಿದ್ದವು, ಕ್ರಿಯಾಪದಕ್ಕೆ ಪುರುಷಕ್ಕೊಂದು ಬಾಲವಿತ್ತು. ಕಾಲಕ್ರಮದಲ್ಲಿ ಅವೆಲ್ಲ ಸವೆದು ಉದುರಿದವು. ಗುರುತಿಗೆಂದು ಉಳಿದದ್ದು ಅಷ್ಟಿಷ್ಟು: ‘ಹಿ, ಹಿಮ್, ಹಿಸ್’ ಎಂದರೆ ಅವನು, ಅವನನ್ನು, ಅವನ. ನಿನ್ನನ್ನು ಕಾಡುವ ಅರ್ಧ ನಿಯಮಗಳ ಬೇರು ಈ ಉದುರುವಿಕೆಯಲ್ಲಿದೆ. ‘ನಾಯಿ ಬೆಕ್ಕನ್ನು ಅಟ್ಟಿತು’ ಎನ್ನು, ‘ಬೆಕ್ಕನ್ನು ನಾಯಿ ಅಟ್ಟಿತು’ ಎನ್ನು, ಓಡುವುದು ಬೆಕ್ಕೇ. ‘ಅನ್ನು’ ಎಂಬ ಚೀಟಿ ಅದರ ಕೊರಳಿನಲ್ಲಿದೆ. ‘ದ ಡಾಗ್ ಚೇಸ್ಡ್ ದ ಕ್ಯಾಟ್’ ಎಂಬಲ್ಲಿ ಚೀಟಿಯಿಲ್ಲ. ಎರಡು ಹೆಸರುಗಳನ್ನು ಅದಲು ಬದಲು ಮಾಡಿದರೆ ನಾಯಿಯೇ ಓಡಬೇಕಾಗುತ್ತದೆ. ಆದ್ದರಿಂದ ಅಲ್ಲಿ ಕೂರುವ ಜಾಗವೇ ವಿಭಕ್ತಿ: ಕರ್ತೃ ಮೊದಲು, ಕ್ರಿಯಾಪದ ನಡುವೆ, ಕರ್ಮ ಆಮೇಲೆ.

‘ಬರುತ್ತೇನೆ’ ಎಂದರೆ ಬರುವವಳು ನಾನೇ ಎಂದು ಕ್ರಿಯಾಪದವೇ ಹೇಳಿಬಿಡುತ್ತದೆ. ‘ನಾನು’ ಇಲ್ಲದೆಯೂ ನಡೆಯುತ್ತದೆ. ‘ಕಮ್’ ಎಂಬುದಕ್ಕೆ ಆ ಶಕ್ತಿಯಿಲ್ಲ, ಅದಕ್ಕೇ ‘ಐ’ ಬೇಕೇ ಬೇಕು. ಇದು ಅಲ್ಲಿ ಎಷ್ಟು ಗಟ್ಟಿಯಾದ ಅಭ್ಯಾಸವೆಂದರೆ, ಮಳೆ ಬರುವಾಗಲೂ ಕರ್ತೃವಿನ ಜಾಗ ಖಾಲಿ ಇರಬಾರದೆಂದು ಒಂದು ‘ಇಟ್’ ತಂದು ಕೂರಿಸುತ್ತಾರೆ: ‘ಇಟ್ ಈಸ್ ರೇನಿಂಗ್’. ಯಾವುದು ಆ ‘ಇಟ್’ ಎಂದು ಕೇಳಬೇಡ, ಯಾವುದೂ ಅಲ್ಲ. ‘ಆ್ಯಮ್, ಈಸ್, ಆರ್’ ಕುಟುಂಬವನ್ನು ಬಿಟ್ಟರೆ, ವರ್ತಮಾನಕಾಲದ ಬಾಲಗಳಲ್ಲಿ ಬದುಕುಳಿದದ್ದು ಒಂದೇ ಎಸ್, ಅದೂ ಅವನು, ಅವಳು, ಅದು ಎಂಬ ಒಬ್ಬೊಂಟಿಗರಿಗೆ. ‘ದ ಬರ್ಡ್ ಸಿಂಗ್ಸ್’, ‘ದ ಬರ್ಡ್ಸ್ ಸಿಂಗ್’. ಎಸ್ ಹಕ್ಕಿಯ ಮೇಲೆ ಕುಳಿತರೆ ಹಾಡಿನ ಮೇಲಿಲ್ಲ, ಹಾಡಿನ ಮೇಲೆ ಕುಳಿತರೆ ಹಕ್ಕಿಯ ಮೇಲಿಲ್ಲ. ‘ಚಿಲ್ಡ್ರನ್’ ಥರದವು ಎಸ್ ಇಲ್ಲದೆಯೇ ಬಹುವಚನ, ಅಲ್ಲಿ ಮಾತ್ರ ಎಚ್ಚರ.

‘ಯು’ ಒಬ್ಬರಿಗೂ ‘ಆರ್’ ಏಕೆ ಎಂದು ಹಿಂದೊಮ್ಮೆ ಕೇಳಿದ್ದೆ. ‘ಯು’ ಹಿಂದೆ ಬಹುವಚನ, ನಮ್ಮ ‘ನೀವು’ ಇದ್ದಂತೆ. ‘ನೀನು’ ಎನ್ನುವುದಕ್ಕೆ ‘ದೌ’ ಇತ್ತು, ಅದು ಬಳಕೆ ತಪ್ಪಿತು. ಒಬ್ಬರೇ ಹಿರಿಯರಿಗೆ ನಾವು ‘ನೀವು ಬಂದಿರಿ’ ಎನ್ನುವುದಿಲ್ಲವೇ?

ಇನ್ನು ನನ್ನ ಪರಾಕ್ರಮ. ನನ್ನ ಮೊದಲ ಕೆಲಸದಲ್ಲಿ ರಜೆಯ ಅರ್ಜಿ ಬರೆದೆ: ‘ಐ ಆ್ಯಮ್ ಹ್ಯಾವಿಂಗ್ ಫೀವರ್ ಸಿನ್ಸ್ ಟು ಡೇಸ್.’ ಮೇಲಧಿಕಾರಿ ರಜೆ ಮಂಜೂರು ಮಾಡಿ, ‘ಸಿನ್ಸ್’ ಸುತ್ತ ಕೆಂಪು ಶಾಯಿಯಲ್ಲಿ ಒಂದು ಬಳೆ ತೊಡಿಸಿ, ಏನೂ ಹೇಳದೆ ಹಿಂದಿರುಗಿಸಿದರು. ಜ್ವರಕ್ಕಿಂತ ಆ ಬಳೆ ಹೆಚ್ಚು ಸುಟ್ಟಿತು. ತಪ್ಪು ಎಲ್ಲಿಂದ ಬಂತು ಎಂದು ಹಾಸಿಗೆಯಲ್ಲಿ ಮಲಗಿ ಯೋಚಿಸಿದೆ. ನಮ್ಮ ‘ಇಂದ’ ಇದೆಯಲ್ಲ, ಅದು ಒಂಟಿ ಕೈಯಲ್ಲಿ ಹತ್ತು ಕೆಲಸ ಮಾಡುತ್ತದೆ. ಶಾಲೆಯಿಂದ ಬಂದೆ: ‘ಫ್ರಮ್’. ಪೆನ್ನಿನಿಂದ ಬರೆದೆ: ‘ವಿತ್’. ಅವನಿಂದ ಕಟ್ಟಲಾಯಿತು: ‘ಬೈ’. ಮಳೆಯಿಂದ ಆಟ ನಿಂತಿತು: ‘ಬಿಕಾಸ್ ಆಫ್’. ಸೋಮವಾರದಿಂದ ಜ್ವರ: ‘ಸಿನ್ಸ್’. ಎರಡು ದಿನದಿಂದ ಜ್ವರ: ‘ಫಾರ್’. ಕೊನೆಯ ಎರಡನ್ನು ಬೇರ್ಪಡಿಸಲು ಆಗ ಕಂಡುಕೊಂಡ ಉಪಾಯವನ್ನು ಇಂದಿಗೂ ಬಳಸುತ್ತೇನೆ. ‘ಯಾವತ್ತಿನಿಂದ?’ ಎಂದು ಕೇಳಿದರೆ ಸಿಗುವ ಉತ್ತರಕ್ಕೆ ‘ಸಿನ್ಸ್’. ‘ಎಷ್ಟು ದಿನದಿಂದ?’ ಎಂದು ಕೇಳಿದರೆ ಸಿಗುವ ಉತ್ತರಕ್ಕೆ ‘ಫಾರ್’. ಅದಕ್ಕೇ ಪ್ರೆಪೊಸಿಷನ್‌ಗಳನ್ನು ಕನ್ನಡದ ಒಂದು ಪದಕ್ಕೆ ಇಂಗ್ಲಿಷಿನ ಒಂದು ಪದವೆಂದು ಜೋಡಿ ಮಾಡಿ ಕಲಿಯಬೇಡ, ಮೋಸ ಹೋಗುತ್ತೀಯೆ.

ತಮಾಷೆಯೆಂದರೆ, ಅದೇ ವಾಕ್ಯದ ‘ಆ್ಯಮ್ ಹ್ಯಾವಿಂಗ್’ ಕೂಡ ತಪ್ಪೇ. ಅದು ಅವರ ಕಣ್ಣಿಗೂ ಬಿದ್ದಿರಲಿಲ್ಲ! ‘ಜ್ವರ ಇದೆ’ ಎನ್ನುತ್ತೇವೆಯೇ ಹೊರತು ‘ಜ್ವರ ಇರುತ್ತಿದೆ’ ಎನ್ನುವುದಿಲ್ಲ. ಇರುವುದು, ಗೊತ್ತಿರುವುದು, ಇಷ್ಟವಾಗುವುದು ಇವು ಸ್ಥಿತಿಗಳು. ‘ಇಂಗ್’ ಇವಕ್ಕೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ನಾನು ಬರೆಯಬೇಕಿದ್ದದ್ದು ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟು ಡೇಸ್’ ಎಂದು. ಅಂದು ಶುರುವಾಗಿ ಇಂದಿಗೂ ಬಿಡದೆ ಇರುವುದಕ್ಕೆ ಆ ‘ಹ್ಯಾವ್ ಹ್ಯಾಡ್’ ಜೋಡಿ.

‘ಎ’ ಮತ್ತು ‘ದ’ ನಮ್ಮಲ್ಲಿಲ್ಲ ಎಂದು ನಿಮ್ಮ ಪಾಠದಲ್ಲಿ ಬರೆದಿದೆಯಂತೆ. ಪೂರ್ತಿ ಒಪ್ಪಲಾರೆ. ‘ಒಂದು ಊರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಒಬ್ಬಳು ಮಗಳು’ ಎಂದು ನಿನಗೆ ಎಷ್ಟು ಸಲ ಕಥೆ ಹೇಳಿಲ್ಲ? ಮೊದಲ ಸಲ ಕಾಣುವ ರಾಜನಿಗೆ ‘ಒಬ್ಬ’, ಅಂದರೆ ‘ಎ ಕಿಂಗ್’. ಪರಿಚಯವಾದ ಮೇಲೆ ‘ಆ ರಾಜ’, ‘ದ ಕಿಂಗ್’. ‘ಪುಸ್ತಕ ಓದಿದೆ’ ಎಂದರೆ ಯಾವುದೋ ಒಂದು. ‘ಪುಸ್ತಕವನ್ನು ಓದಿದೆ’ ಎಂದರೆ ಅದು ಯಾವುದೆಂದು ಕೇಳಿಸಿಕೊಳ್ಳುವವರಿಗೂ ಗೊತ್ತಿರುವುದೇ ಹೆಚ್ಚು. ವ್ಯತ್ಯಾಸವಿಷ್ಟೇ: ನಾವು ಬೇಕೆನಿಸಿದಾಗ ಹೇಳುತ್ತೇವೆ, ಅವರು ಬಹುತೇಕ ಎಲ್ಲ ಕಡೆಯೂ ಹೇಳಲೇಬೇಕು. ‘ಎ’ ಬರಬೇಕೋ ‘ಆ್ಯನ್’ ಬರಬೇಕೋ ಎಂದು ತೊಡಕಾದರೆ ಮುಂದಿನ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡು. ‘ಅವರ್’ ಎಂಬ ಗಂಟೆ ಸ್ವರದಿಂದ ಶುರು, ಹಾಗಾಗಿ ‘ಆ್ಯನ್ ಅವರ್’. ‘ಯೂನಿವರ್ಸಿಟಿ’ ಶುರುವಾಗುವುದು ಯಕಾರದಿಂದ, ಹಾಗಾಗಿ ‘ಎ ಯೂನಿವರ್ಸಿಟಿ’. ಇಂಗ್ಲಿಷಿನ ಕಾಗುಣಿತ ಮುಚ್ಚಿಡುವುದನ್ನು ನಮ್ಮ ಲಿಪಿ ಬಯಲು ಮಾಡುತ್ತದೆ.

ಹಾಳೆ ತುಂಬಿತು. ನಿನ್ನ ಮುಂದಿನ ಕಾಗದವನ್ನು ಇಂಗ್ಲಿಷಿನಲ್ಲೇ ಬರೆ, ಒಂದೇ ಪುಟವಾದರೂ ಸಾಕು. ಅಂದು ಬೆಂಚಿನಲ್ಲಿ ನಕ್ಕವರ ಬಗ್ಗೆಯೇ ಬರೆಯಬಹುದು. ಆರೇಳು ‘ಡಿಡ್ ನಾಟ್’ಗಳಂತೂ ಬಂದೇ ಬರುತ್ತವೆ. ನನ್ನ ಹತ್ತಿರ ಕೆಂಪು ಶಾಯಿಯಿಲ್ಲ.

ನಿನ್ನ ಅಮ್ಮ